ಹಮಾಮತ್ಸುವಿನಿಂದ ವೀಕ್ಷಕ ವಿವರಣೆ

ಅಕ್ಕನಿಗೆ ಮೈಸೂರಿನಲ್ಲಿ ಹೆರಿಗೆಯಾದ ವಾರವೇ ಅಮ್ಮ ಅಪ್ಪನನ್ನು ಜಪಾನಿಗೆ ಸಾಗಹಾಕಿದಳು. ಬಾಣಂತನ ನಡೆಯುವ ಮನೆಯಲ್ಲಿ ಗಂಡಸರು ಅಡ್ಡಡ್ಡ ಓಡಾಡಿದರೆ ಯಾವ ಕೆಲಸವೂ ಸಾಗುವುದಿಲ್ಲ ಎಂಬುದು ಅವಳ ಸಿದ್ಧಾಂತ. ಅಪ್ಪನೋ ಅಡ್ಡಡ್ಡ ಓಡಾಡುವುದರಲ್ಲಿ ಎತ್ತಿದ ಕೈ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿ, ಕಬಡ್ಡಿ ತಂಡ ಕಟ್ಟಿ, ಸೀಟಿ ಊದಿ ನಿವೃತ್ತರಾದವರು. ಮೈದಾನ ಕೈಬಿಟ್ಟ ಮೇಲೆ ಮನೆಯನ್ನೇ ಮೈದಾನ ಮಾಡಿಕೊಂಡಿದ್ದರು.

"ಒಂದು ತಿಂಗಳು ಚಿಕ್ಕವಳ ಹತ್ರ ಇದ್ದು ಬನ್ನಿ. ನಾಮಕರಣದ ಹೊತ್ತಿಗೆ ವಾಪಸ್ ಬಂದ್ರಾಯ್ತು" ಎಂದು ಅಮ್ಮ ಭಾವನ ಕೈಲಿ ಟಿಕೆಟ್ ಮಾಡಿಸಿಯೇಬಿಟ್ಟಳು. ಅದು ಎರಡು ಸಾವಿರದ ಇಪ್ಪತ್ತರ ಫೆಬ್ರವರಿ ಕೊನೆ. ಮಾರ್ಚ್ ಮುಗಿಯುವಷ್ಟರಲ್ಲಿ ವಿಮಾನಗಳೆಲ್ಲ ನಿಂತವು. ಹಮಾಮತ್ಸುವಿನ ನನ್ನ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಅಪ್ಪ ನಾಲ್ಕು ಬನಿಯನ್ನು, ಎರಡು ಪಂಚೆ, ಒಂದು ಸೀಟಿಯ ಸಮೇತ ಸಿಕ್ಕಿಬಿದ್ದರು. ನಾಮಕರಣವನ್ನು ಫೋನಿನಲ್ಲಿ ನೋಡಿದರು.

ನಾನು ಅಲ್ಲಿ ಬೈಕಿನ ಬ್ರೇಕುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೆ. ವಾರಕ್ಕೆ ಎರಡು ದಿನ ಕಾರ್ಖಾನೆ, ಉಳಿದ ದಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು. ನಾನು ಮೀಟಿಂಗಿನಲ್ಲಿ ಗಂಭೀರವಾಗಿ ಮಾತಾಡುತ್ತಿದ್ದರೆ ಹಿಂದೆ ಅಪ್ಪ ಬಸ್ಕಿ ಹೊಡೆಯುವರು. ಪರದೆಯ ಕೆಳಭಾಗದಲ್ಲಿ ಒಂದು ಬೋಳುತಲೆ ಏಳುವುದು, ಮುಳುಗುವುದು. ನನ್ನ ಜಪಾನಿ ಸಹೋದ್ಯೋಗಿಗಳು ಅದನ್ನು ನೋಡಿಯೂ ನೋಡದವರ ಹಾಗೆ ಕೂರುತ್ತಿದ್ದರು. ಮೀಟಿಂಗ್ ಮುಗಿದ ಮೇಲೆ ಒಬ್ಬರು ಮಾತ್ರ, ಈ ದಿನ ನಲವತ್ತಾಯಿತು ಎಂದು ಲೆಕ್ಕ ಹೇಳಿ ಹೋದರು.

ಏಪ್ರಿಲ್‌ನಲ್ಲಿ ಬಸ್ಕಿಯೂ ನಿಂತಿತು. ಊರಲ್ಲಿ ಕ್ರಿಕೆಟ್ ಇಲ್ಲ, ಕಬಡ್ಡಿ ಇಲ್ಲ. ಅಪ್ಪ ಕಿಟಕಿಯ ಬಳಿ ಕೂತು ಪಾರ್ಕಿಂಗ್ ಜಾಗ ನೋಡುವರು. ಊಟದ ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಉಳಿಯುವುದು. ದಿನಾ ಬೆಳಗ್ಗೆ ಅಮ್ಮನಿಗೆ ಫೋನು. "ತಿಂಡಿ ಆಯ್ತಾ?" "ಆಯ್ತು. ನಿಮ್ಮದು?" "ಆಯ್ತು." ನಲವತ್ತೊಂದು ವರ್ಷ ಜೊತೆಗಿದ್ದವರಿಗೆ ಆಡಲು ಮಾತು ಅಷ್ಟೇ ಇತ್ತು.

ಒಂದು ದಿನ ನಾನು ರೇಗಿಬಿಟ್ಟೆ. "ಸರಿಯಾಗಿ ಊಟ ಮಾಡಪ್ಪ. ಹೀಗೆ ಮಾಡಿದ್ರೆ ಅಮ್ಮಂಗೆ ನಾನೇನ್ ಹೇಳ್ಲಿ?"

ಅಪ್ಪ ತಟ್ಟೆ ನೋಡುತ್ತಾ ಹೇಳಿದರು. "ಅವಳಿಗೇನೂ ಬೇಕಾಗಿಲ್ಲ ಬಿಡು. ಹೊರಡೋ ಹಿಂದಿನ ದಿನ ಪಕ್ಕದ ಮನೆಯವ್ರಿಗೆ ಅಂತಿದ್ಲು, ಇವ್ರು ಹೋದ್ರೆ ಮನೆ ನಿರಾಳ ಅಂತ. ನನ್ನ ಕಿವಿಯಾರೆ ಕೇಳ್ದೆ."

ಆ ಮಾತು ಅವರ ಗಂಟಲಲ್ಲಿ ಎರಡು ತಿಂಗಳಿಂದ ಸಿಕ್ಕಿಕೊಂಡಿತ್ತು. ಊರೂರು ಕ್ರೀಡಾಕೂಟಕ್ಕೆ ಹುಡುಗರನ್ನು ಕಟ್ಟಿಕೊಂಡು ಅಲೆಯುತ್ತಿದ್ದ ಗಂಡನಿಗೆ ಅಮ್ಮ ಬಾಗಿಲಲ್ಲಿ ನಿಂತು "ಹೋಗ್ಬನ್ನಿ" ಅಂದವಳೇ ಹೊರತು ಬೇಗ ಬನ್ನಿ ಅಂದವಳಲ್ಲ. ಅಪ್ಪನೂ ಅದನ್ನು ಇಷ್ಟು ವರ್ಷ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಸಮುದ್ರದಾಚೆ ಕೂತು, ಅವಳು ಒಂದು ಸಲ "ಬನ್ನಿ" ಅನ್ನಲಿ ಎಂದು ಕಾಯುತ್ತಿದ್ದರು. ಅರವತ್ತಾರು ವರ್ಷದ ಗಂಡಸು ಹೀಗೆ ಹೊಸ ಮದುಮಗನ ಹಾಗೆ ಮುನಿಸಿಕೊಂಡದ್ದು ನೋಡಿ ನನಗೆ ನಗು ಬಂತು. ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ.

ಮೇ ತಿಂಗಳ ಕೊನೆಗೆ ಆಸ್ಟ್ರೇಲಿಯಾದಲ್ಲಿ ರಗ್ಬಿ ಲೀಗ್ ಮತ್ತೆ ಶುರುವಾಯಿತು. ಮಾರ್ಚ್‌ನಲ್ಲಿ ಎರಡು ಸುತ್ತು ಆಡಿ ನಿಲ್ಲಿಸಿದ್ದ ಋತು ಅದು. ಹಿಂದಿನ ವರ್ಷ ಜಪಾನಿನಲ್ಲಿ ರಗ್ಬಿ ವಿಶ್ವಕಪ್ ನಡೆದಾಗ ಆಫೀಸಿನವರ ಹುಚ್ಚು ನನಗೂ ಅಂಟಿ ಕ್ರೀಡಾ ಚಾನೆಲ್ಲೊಂದಕ್ಕೆ ಚಂದಾ ಕಟ್ಟಿದ್ದೆ, ನಿಲ್ಲಿಸಲು ಮರೆತಿದ್ದೆ. ಒಂದು ಸಂಜೆ ಟಿವಿ ಹಾಕಿದರೆ ಜೀವಂತ ಆಟ! ಖಾಲಿ ಮೈದಾನ, ನಡುವೆ ಕಟ್ಟುಮಸ್ತಾದ ಗಂಡಸರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾರೆ. ಕಿಟಕಿಯ ಬಳಿಯಿಂದ ಅಪ್ಪ ಎದ್ದುಬಂದರು. ಹತ್ತು ನಿಮಿಷ ನಿಂತೇ ನೋಡಿದರು. ಆಮೇಲೆ ತೊಡೆ ತಟ್ಟಿದರು.

"ಏ, ಇದು ಕಬಡ್ಡಿ ಕಣೇ! ಚೆಂಡು ಹಿಡ್ಕೊಂಡು ಆಡೋ ಕಬಡ್ಡಿ!"

ನಾನು ಇದು ವಿಶ್ವಕಪ್ಪಿನ ಆಟವೇ ಇರಬೇಕೆಂದುಕೊಂಡಿದ್ದೆ. ಅಪ್ಪ ತಲೆ ಎಣಿಸಿದಾಗ ನನ್ನ ತಪ್ಪು ತಿಳಿಯಿತು. ಅಲ್ಲಿ ಒಂದು ಕಡೆಗೆ ಹದಿನೈದು ಜನ, ಇಲ್ಲಿ ಹದಿಮೂರು. ಚೆಂಡನ್ನು ಹಿಂದಕ್ಕೇ ಎಸೆಯಬೇಕು, ಮುಂದಕ್ಕೆ ಓಡಬೇಕು. ಎದುರಾಳಿಗಳು ಹಿಡಿದು ಕೆಡವಿದರೆ ಒಂದು ಹಿಡಿತ. ಆರು ಹಿಡಿತ ಮುಗಿಯುವುದರೊಳಗೆ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತದಿದ್ದರೆ ಚೆಂಡು ಎದುರಿನವರ ಪಾಲು. "ಆರು ಬಾಲಿಗೆ ಓವರ್ ಮುಗೀತು, ಅಷ್ಟೇ" ಎಂದರು ಅಪ್ಪ. ನಿಯಮ ಓದಲು ನನಗೆ ಎರಡು ದಿನ ಹಿಡಿಯಿತು. ಅವರು ಅರ್ಧ ಗಂಟೆಯಲ್ಲಿ ರೆಫರಿಯನ್ನು ಬೈಯುವಷ್ಟು ಪಳಗಿದ್ದರು.

ಆ ವರ್ಷ ಆಟ ಮತ್ತೆ ಶುರುವಾದಾಗ ಇಬ್ಬರು ರೆಫರಿಗಳ ಬದಲು ಒಬ್ಬರನ್ನೇ ಇಟ್ಟಿದ್ದರು. ಅಪ್ಪನಿಗೆ ಇದು ಬಹಳ ಹಿಡಿಸಿತು. "ಇಬ್ಬರು ಮೇಷ್ಟ್ರಿರೋ ಕ್ಲಾಸಲ್ಲಿ ಶಿಸ್ತು ಇರಲ್ಲ." ಹಾಗೆಂದು ಆ ಒಬ್ಬ ರೆಫರಿಗೂ ನೆರವು ಬೇಕೆನಿಸಿತೋ ಏನೋ, ಮರುದಿನದ ಪಂದ್ಯಕ್ಕೆ ಪೆಟ್ಟಿಗೆಯಿಂದ ಸೀಟಿ ತೆಗೆದರು. ತಪ್ಪು ಕಂಡಾಗಲೆಲ್ಲ ಊದಿದರು. ಮೂವತ್ತೈದು ವರ್ಷ ಬಯಲಿನಲ್ಲಿ ಊದಿದ ಉಸಿರು ಜಪಾನಿನ ತೆಳುಗೋಡೆಯ ಮನೆಯಲ್ಲಿ ಹೇಗೆ ಕೇಳಿಸಿರಬೇಕು!

ಎರಡನೇ ದಿನ ಲಿಫ್ಟಿನ ಪಕ್ಕ ಅಚ್ಚುಕಟ್ಟಾದ ನೋಟೀಸು ಬಂತು. ಯಾರ ಮನೆಯೆಂದು ಬರೆದಿರಲಿಲ್ಲ. ಅಲ್ಲಿ ಹಾಗೆ ಬರೆಯುವ ವಾಡಿಕೆಯಿಲ್ಲ. "ಕಟ್ಟಡದಲ್ಲಿ ಸೀಟಿಯ ಸದ್ದು ಕೇಳಿಬರುತ್ತಿದೆ. ಎಲ್ಲ ನಿವಾಸಿಗಳೂ ಪರಸ್ಪರ ಗಮನವಿಡಬೇಕಾಗಿ ವಿನಂತಿ" ಎಂದಿತ್ತು. ಕೆಳಗೆ ಸೀಟಿಯ ಪುಟ್ಟ ಚಿತ್ರ, ಅದರ ಮೇಲೊಂದು ಅಡ್ಡಗೀಟು. ನಾನು ಅಪ್ಪನಿಗೆ ಓದಿ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ಚಿತ್ರ ನೋಡಿ, "ಯಾರಿರಬಹುದು?" ಎಂದರು.

ಸೀಟಿ ಪೆಟ್ಟಿಗೆಗೆ ಹೋಯಿತು. ಅಪ್ಪ ಕೈಸನ್ನೆಗೆ ಇಳಿದರು. ಅದಾದರೂ ನಿಶ್ಶಬ್ದವೇ? ನಿರ್ಣಾಯಕ ಗಳಿಗೆಯಲ್ಲಿ ಹಾರಿ ನೆಲಕ್ಕೆ ಬೀಳುವುದೂ ಅದರ ಭಾಗವಾಗಿತ್ತು. ಕೆಳಗಿನ ಮನೆಯ ಅಜ್ಜಿ ಒಂದು ಸಂಜೆ ಬಾಗಿಲು ತಟ್ಟಿದರು. ಮಾಸ್ಕು, ಕೈಯಲ್ಲೊಂದು ಹೊಸ ಚಹಾದ ಪೊಟ್ಟಣ. "ಸುಮಿಮಾಸೆನ್" ಎಂದು ಬಗ್ಗಿದರು. ಗಲಾಟೆ ಮಾಡಿದವರು ನಾವು, ಕ್ಷಮೆ ಕೇಳುತ್ತಿದ್ದವರು ಅವರು, ಕಾಣಿಕೆ ತಂದವರೂ ಅವರೇ. ನಾನು ನಾಚಿಕೆಯಿಂದ ನಾಲ್ಕು ಸಲ ಬಗ್ಗಿದೆ. ಅಪ್ಪ ನನ್ನ ಹಿಂದೆ ನಿಂತು ಐದು ಸಲ ಬಗ್ಗಿದರು. ಅಷ್ಟರಲ್ಲಿ ಅಜ್ಜಿಯ ಕಣ್ಣು ಟಿವಿಯ ಮೇಲೆ ಬಿತ್ತು. ವಿಶ್ವಕಪ್ಪಿನಲ್ಲಿ ಮೈದಾನಕ್ಕೇ ಹೋಗಿ ನೋಡಿದ್ದವರಂತೆ. ಹೊಸ್ತಿಲಾಚೆಯಿಂದಲೇ ಆಟಗಾರರನ್ನು ಎಣಿಸಿ, ಇನ್ನಿಬ್ಬರು ಎಲ್ಲಿ ಎಂದು ಕೇಳಿದರು. ಈ ಆಟದಲ್ಲಿ ಇಷ್ಟೇ ಜನ ಎಂದೆ. "ಪಾಪ, ಆ ಇಬ್ಬರಿಗೂ ಕೊರೊನಾದಿಂದ ಕೆಲಸ ಹೋಯಿತೆಂದುಕೊಂಡೆ" ಎಂದರು. ಅಪ್ಪನಿಗೆ ಅದನ್ನು ಅನುವಾದ ಮಾಡಿದಾಗ ಅವರು ಏಪ್ರಿಲ್‌ನಿಂದೀಚೆಗೆ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕರು. ತಾವೇ ತಾತನಾಗಿದ್ದರೂ ಅವತ್ತಿನಿಂದ ಆಕೆಯನ್ನು, ಜಪಾನಿಯರು ಗೌರವಕ್ಕೆ ಹಚ್ಚುವ "ಸಾನ್" ಸೇರಿಸಿ, "ಅಜ್ಜಿ ಸಾನ್" ಎಂದೇ ಕರೆದರು.

ನಗು ಬಂದವರಿಗೆ ಮಾತೂ ಬಂತು. ವಾರದ ಕೊನೆಯ ಪಂದ್ಯ ನಮಗೆ ಮಧ್ಯಾಹ್ನ. ಮೈಸೂರಿನಲ್ಲಿ ಅದು ಬೆಳಗ್ಗೆ ಅಮ್ಮ ಮಗುವಿಗೆ ಎಣ್ಣೆ ಒತ್ತಿ ನೀರು ಹಾಕುವ ಹೊತ್ತು. ಒಂದು ಭಾನುವಾರ ಅಪ್ಪ ಫೋನು ಮಾಡಿ, ತಿಂಡಿಯ ವಿಚಾರ ಮುಗಿದ ಮೇಲೂ ಇಡಲಿಲ್ಲ. ಗಂಟಲು ಸರಿಮಾಡಿಕೊಂಡು, ರೇಡಿಯೋದವರ ದನಿಯಲ್ಲಿ ಶುರುಮಾಡಿದರು.

"ಪ್ರಿಯ ಕೇಳುಗರೇ, ಇದು ಹಮಾಮತ್ಸು. ವೀಕ್ಷಕ ವಿವರಣೆ..."

"ಯಾರ್ರೀ ಕೇಳುಗರು? ನಾನೊಬ್ಳೇ ಇರೋದು, ಮಗು ಕಾಲ್ಮೇಲೆ ಮಲಗಿದೆ."

"ನೀನೇ ಕೇಳು. ಈಗ ಬಲಗಡೆ ಕಂಬದಂಥೋನು ಚೆಂಡು ತಗೊಂಡ, ಓಡ್ದ, ಹಿಡಿದ್ರು, ಬಿದ್ದ! ಒಂದು!"

ಅಮ್ಮ ಬೈದಳು. ಆದರೆ ಫೋನು ಇಡಲಿಲ್ಲ. ಎರಡು, ಮೂರು, ನಾಲ್ಕು ಎಂದು ಅಪ್ಪ ಏರುದನಿಯಲ್ಲಿ ಎಣಿಸಿದ್ದಕ್ಕೆ ಮಗು ನಿದ್ದೆ ಹೋಯಿತಂತೆ. ಮುಂದಿನ ವಾರ ಅವಳೇ ಕೇಳಿದಳು. "ಇವತ್ತು ಇಲ್ವಾ ನಿಮ್ಮ ಬೀಳೋ ಆಟ? ಮಗು ಹಟ ಮಾಡ್ತಿದೆ."

ಅಪ್ಪನಿಗೆ ಒಂದು ತಂಡದ ಮೇಲೆ ಪ್ರಾಣ. ನ್ಯೂಜಿಲೆಂಡಿನ ತಂಡ. ಗಡಿ ಮುಚ್ಚಿದ್ದರಿಂದ ಅವರು ಮನೆಮಠ ಬಿಟ್ಟು ಆಸ್ಟ್ರೇಲಿಯಾದಲ್ಲೇ ಬೀಡುಬಿಟ್ಟು ಆಡುತ್ತಿದ್ದರು. ಅವರು ಬರದಿದ್ದರೆ ಆ ಋತುವೇ ಪೂರ್ತಿಯಾಗುತ್ತಿರಲಿಲ್ಲ. ಆಡಿದ್ದಕ್ಕಿಂತ ಸೋತದ್ದೇ ಜಾಸ್ತಿಯೇನೋ ಎನ್ನುವ ಹಾಗಿತ್ತು ಅವರ ಆಟ. ಅಪ್ಪ ಪ್ರತಿ ಸೋಲಿಗೂ ರೆಫರಿಯನ್ನು ಬೈದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಛೇಡಿಸಿದರೆ ಎರಡು ದಿನ ನನ್ನ ಸಾರಿಗೆ ಉಪ್ಪು ಕಮ್ಮಿಯಾಯಿತು ಎನ್ನುತ್ತಿದ್ದರು.

ಈ ತಂಡದ ಕತೆಯನ್ನೆಲ್ಲ ಅವರು ಫೋನಿನಲ್ಲಿ ವಿವರಿಸಿದ ದಿನ ಅಮ್ಮ ನಿಯಮವನ್ನೂ ಕೇಳಲಿಲ್ಲ, ಅಂಕವನ್ನೂ ಕೇಳಲಿಲ್ಲ.

"ಅವ್ರ ಹೆಂಡ್ತೀರು ಎಲ್ಲಿದಾರೆ?" ಎಂದಳು.

"ಅಲ್ಲೇ, ಊರಲ್ಲಿ."

"ಮತ್ತೆ ಯಾರ್ ಮಾಡ್ಹಾಕ್ತಾರೆ ಅವ್ರಿಗೆ?"

"ಹೋಟೆಲ್ನೋರು."

"ಅಯ್ಯೋ" ಎಂದಳು ಅಮ್ಮ. ಅವತ್ತಿನಿಂದ ಅವಳೂ ಆ ತಂಡದ ಪಕ್ಷ.

ಅದೇ ಜೂನ್‌ನಲ್ಲಿ ಕಟೌಟಿನ ಪ್ರಸಂಗ ನಡೆಯಿತು. ಪ್ರೇಕ್ಷಕರಿಲ್ಲದ ಕುರ್ಚಿಗಳಲ್ಲಿ ಅಭಿಮಾನಿಗಳ ರಟ್ಟಿನ ಕಟೌಟ್ ಕೂರಿಸುತ್ತಾರೆ, ಫೋಟೋ ಕಳಿಸಿದರೆ ಸಾಕು ಎಂದು ಓದಿದೆ. ಅಪ್ಪನ ಹುಟ್ಟುಹಬ್ಬ ಹತ್ತಿರವಿತ್ತು. ಕಳಿಸಿಬಿಟ್ಟೆ. ನಾನು ಮಾಡಿದ ತಪ್ಪೆಂದರೆ ಅವರಿಗೆ ಹೇಳುವಾಗ "ಕಟೌಟ್" ಎಂದದ್ದು. ಕಟೌಟ್ ಎಂದರೆ ನಮ್ಮವರ ಕಣ್ಣಿಗೆ ಬರುವುದು ಒಂದೇ: ಚಿತ್ರಮಂದಿರದ ಮುಂದೆ ಆಕಾಶ ಮುಟ್ಟುವ ನಾಯಕ, ಏಣಿ ಹತ್ತಿ ಹಾರ ಹಾಕುವವರು, ಹಾಲಿನ ಅಭಿಷೇಕ, ಪಟಾಕಿ. ನಾನು ಮೀಟಿಂಗ್ ಮುಗಿಸಿ ಬರುವಷ್ಟರಲ್ಲಿ ಅಪ್ಪ ಅರ್ಧ ಮೈಸೂರಿಗೆ ಫೋನು ಮಾಡಿದ್ದರು. ಎಷ್ಟು ಅಡಿ ಎಂದು ಯಾರೋ ಹಳೆಯ ಶಿಷ್ಯ ಕೇಳಿದನಂತೆ. "ನಲವತ್ತಕ್ಕೇನೂ ಮೋಸ ಇಲ್ಲ" ಅಂದರಂತೆ.

ಅಮ್ಮನಿಂದ ನನಗೆ ಬೇರೆಯಾಗಿ ಫೋನು ಬಂತು. "ಹಾರ ಗೀರ ಹಾಕ್ತಾರೇನೇ? ಬದುಕಿರೋರ ಫೋಟೋಗೆ ಬೇಡ ಅಂತ ಹೇಳು ಅವ್ರಿಗೆ. ಹಾಲೂ ಬೇಡ, ವೇಸ್ಟು."

ಪಂದ್ಯದ ದಿನ ಅಪ್ಪ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಟಿವಿ ಮುಂದೆ ಕೂತರು. ಅಜ್ಜಿ ಸಾನ್ ಹೊಸ್ತಿಲಾಚೆ ಮಡಚುವ ಕುರ್ಚಿ ಹಾಕಿಕೊಂಡು ಕೂತರು. ಎರಡನೇ ಅರ್ಧದಲ್ಲಿ ಕ್ಯಾಮೆರಾ ಕುರ್ಚಿಗಳ ಮೇಲೆ ಹಾಯಿತು. ಸಾಲುಸಾಲು ರಟ್ಟಿನ ತಲೆಗಳು, ಎದೆಯವರೆಗೆ ಮಾತ್ರ. ನಾನು ಆಟವನ್ನು ಹಿಂದಕ್ಕೆ ಓಡಿಸಿ ಅಲ್ಲೇ ನಿಲ್ಲಿಸಿದೆ. ಮೂರನೇ ಸಾಲಿನಲ್ಲಿ, ಪಾಸ್‌ಪೋರ್ಟ್ ಫೋಟೋದ ಸಿಟ್ಟಿನ ಮುಖ ಹೊತ್ತು, ವಿಭೂತಿ ಸಮೇತ ನಮ್ಮಪ್ಪ! ಪಕ್ಕದ ಕುರ್ಚಿಯಲ್ಲಿ ನಾಲಗೆ ಚಾಚಿದ ಒಂದು ನಾಯಿ, ಅದೂ ಕಟೌಟೇ. ಗಾತ್ರದಲ್ಲಿ ಅಪ್ಪನಿಗಿಂತ ನಾಯಿಯೇ ಕೊಂಚ ದೊಡ್ಡದಾಗಿತ್ತು.

ನಾನು ಹೆದರಿ ಅಪ್ಪನ ಮುಖ ನೋಡಿದೆ. ಅವರು ಸೋಫಾದಿಂದ ಜಾರಿ ನೆಲಕ್ಕೆ ಬಿದ್ದು ನಕ್ಕರು. ಅಜ್ಜಿ ಸಾನ್ ಮಾಸ್ಕಿನೊಳಗೇ ನಕ್ಕು ನಕ್ಕು ಕೆಮ್ಮಿ, ಈ ಕಾಲದಲ್ಲಿ ಕೆಮ್ಮಿದ್ದಕ್ಕೆ ಮೂರು ಸಲ ಕ್ಷಮೆ ಕೇಳಿದರು. ಆ ದಿನ ಲಿಫ್ಟಿನ ಪಕ್ಕ ಇನ್ನೊಂದು ನೋಟೀಸು ಬಂದರೂ ಬರಲಿ ಎನಿಸಿತು ನನಗೆ. ಅಷ್ಟು ಖುಷಿ.

ನಿಂತ ಚಿತ್ರವನ್ನು ಮೈಸೂರಿಗೆ ಕಳಿಸಿದೆ. ನಲವತ್ತು ಅಡಿಯ ನಿರೀಕ್ಷೆಯಲ್ಲಿದ್ದವರೆಲ್ಲ ನಾಯಿಯ ವಿಚಾರವಾಗಿಯೇ ಉತ್ತರ ಬರೆದರು. ಅಮ್ಮ ಬಹಳ ಹೊತ್ತು ನೋಡಿದಳಂತೆ. ಫೋನಿನಲ್ಲಿ ಇಷ್ಟೇ ಅಂದಳು: "ಸೊರಗಿ ಹೋಗಿದೀರಿ."

ಅದು ನಾಲ್ಕು ವರ್ಷ ಹಳೆಯ ಫೋಟೋ ಎಂದು ಅಪ್ಪ ಹೇಳಲಿಲ್ಲ. ರಾತ್ರಿ ಎರಡು ಸಲ ಅನ್ನ ಹಾಕಿಸಿಕೊಂಡರು.

ಜುಲೈನಲ್ಲಿ ವಿಶೇಷ ವಿಮಾನದಲ್ಲೊಂದು ಸೀಟು ಸಿಕ್ಕಿತು. ನಾನು ವಾರಗಟ್ಟಲೆ ಇಮೇಲು ಬರೆದು, ಫೋನು ಹಿಡಿದು ಕಾದು ಗಿಟ್ಟಿಸಿದ ಸೀಟದು. ಸಂಜೆಯೊಳಗೆ ಒಪ್ಪಿಗೆ ತಿಳಿಸಬೇಕಿತ್ತು. ಅಪ್ಪ ಅಮ್ಮನಿಗೆ ಫೋನು ಮಾಡಿದರು.

"ಸೀಟು ಸಿಕ್ಕಿದೆ. ಬರ್ಲಾ?"

ಆ ಕಡೆ ಮಗು ಅಳುತ್ತಿತ್ತು. ಕುಕ್ಕರ್ ಕೂಗುತ್ತಿತ್ತು. ಅಮ್ಮ ಹೇಳಿದಳು: "ನಿಮ್ಮಿಷ್ಟ."

ಅಪ್ಪ ಫೋನಿಟ್ಟರು. ಟೂರ್ನಿ ಅರ್ಧಕ್ಕೆ ಬಂದಿದೆ, ಈಗ ಬಿಟ್ಟುಹೋಗುವುದು ಸರಿಯಲ್ಲ, ಸೀಟು ಬೇರೆ ಯಾರಿಗಾದರೂ ಆಗಲಿ ಎಂದರು. ನಾನು ಕೂಗಾಡಿದೆ. ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡಿಕೊಳ್ಳುವುದು ನಮ್ಮ ಮನೆಯ ವಿದ್ಯೆ ಎಂದೆ. ಆಮೇಲೆ ಅಮ್ಮನಿಗೂ ಫೋನು ಮಾಡಿ, "ಬನ್ನಿ ಅಂದ್ರೆ ನಿನ್ನ ಗಂಟು ಹೋಗ್ತಿತ್ತಾ?" ಎಂದು ಕೇಳಿದೆ.

ಅವಳಿಗೂ ಸಿಟ್ಟು ಬಂತು. "ವಿಮಾನದಲ್ಲಿ ಬರೋರಿಗೇ ಅಂಟುತ್ತಂತೆ. ನಾನು ಬನ್ನಿ ಅಂದು, ದಾರೀಲಿ ಏನಾದ್ರೂ ಆದ್ರೆ? ಅಲ್ಲಿ ನಿನ್ ಹತ್ರ ನಗ್ತಾ ಇದಾರಲ್ಲ. ಇರ್ಲಿ ಬಿಡು."

ಇದನ್ನು ಅಪ್ಪನಿಗೆ ಹೇಳಬೇಡ ಎಂದು ಆಣೆ ಹಾಕಿದಳು. ನಾನು ಆಣೆಗೆ ಬಗ್ಗುವವಳಲ್ಲ. ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. ಅಪ್ಪ ನಂಬಲಿಲ್ಲ. ತಮ್ಮ ಸಮಾಧಾನಕ್ಕೆ ನಾನು ಕಟ್ಟಿದ ಕತೆ ಎಂದುಕೊಂಡರು. ಬೇಕಾದರೆ ಅವಳೇ ಹೇಳುತ್ತಾಳೆ ಎಂದು ಮಜ್ಜಿಗೆ ಕಲಸಿಕೊಂಡರು.

ವೀಕ್ಷಕ ವಿವರಣೆ ಮಾತ್ರ ಒಂದು ವಾರವೂ ತಪ್ಪಲಿಲ್ಲ. ಆಗಸ್ಟಿನ ಸೆಖೆಯಲ್ಲಿ ಪಂಚೆ ಮೇಲೆತ್ತಿ ಕಟ್ಟಿ, ಫ್ಯಾನಿನ ಎದುರು ಕೂತು ಅಪ್ಪ ಎಣಿಸುವರು. ಅಮ್ಮ ಈಗ ನಡುವೆ ಬಾಯಿ ಹಾಕುವಳು. ಯಾವ ತಂಡ ಗೆಲ್ಲುತ್ತದೆಂದು ಮೊದಲೇ ಹೇಳುವಳು. ಆಟವನ್ನು ಒಮ್ಮೆಯೂ ನೋಡದವಳು ಅಪ್ಪನಿಗಿಂತ ಹೆಚ್ಚು ಸಲ ಸರಿಯಾಗಿ ಹೇಳಿದಳು. ಹೇಗೆ ಎಂದರೆ, "ನಿಮ್ಮ ದನಿ ಕೇಳಿದ್ರೆ ಗೊತ್ತಾಗುತ್ತೆ, ಹೆದರ್ಕೊಂಡಿದೀರಾ ಇಲ್ವಾ ಅಂತ" ಎಂದಳು. ಅಪ್ಪ ಆ ಮಾತು ಕೇಳಿ ಒಂದು ಹಿಡಿತ ಎಣಿಸಲು ಮರೆತರು.

ಸೆಪ್ಟೆಂಬರ್ ಕೊನೆಗೆ ನ್ಯೂಜಿಲೆಂಡಿನವರ ಕೊನೆಯ ಪಂದ್ಯ ಬಂತು. ಮುಂದಿನ ಹಂತಕ್ಕೆ ಹೋಗುವ ಆಸೆ ಆಗಲೇ ಮುಗಿದಿತ್ತು. ಆದರೂ ಜೀವ ಬಿಟ್ಟು ಆಡಿ ಗೆದ್ದರು. ಅಪ್ಪ ವಿವರಣೆ ಮುಗಿಸಿದರು. "ಮುಗೀತು ಕೇಳುಗರೇ. ಅವ್ರೆಲ್ಲ ಕೈ ಬೀಸ್ತಿದಾರೆ."

"ಇನ್ನು ಮನೆಗೆ ಹೋಗ್ತಾರಾ ಅವ್ರು?" ಅಮ್ಮ ಕೇಳಿದಳು.

"ಹೋಗ್ತಾರೆ."

"ಎಲ್ರೂ?"

"ಎಲ್ರೂ."

ಫೋನಿನಲ್ಲಿ ನೀರು ಸುರಿಯುವ ಸದ್ದು ನಿಂತಿತು. ಮಗುವನ್ನು ಅಕ್ಕನ ಕೈಗೆ ಕೊಟ್ಟಳೆಂದು ಕಾಣುತ್ತದೆ. ಆಮೇಲೆ ಅಮ್ಮ ಹೇಳಿದಳು, ಜಗಳಕ್ಕೆ ನಿಂತವಳ ದನಿಯಲ್ಲಿ: "ಮತ್ತೆ ನೀವೊಬ್ರು ಯಾಕ್ರೀ ಅಲ್ಲೇ ಕೂತಿದೀರಿ? ಬನ್ನಿ. ಸಾಕು. ಬನ್ನಿ ನೀವು."

ಅಪ್ಪ "ಹ್ಞೂಂ" ಎಂದರು. ಫೋನಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡರು. ಹೊರಬಂದಾಗ ಮುಖ ಕೆಂಪಗಿತ್ತು. ಬಂದವರೇ ಪೆಟ್ಟಿಗೆ ತೆಗೆದು ಪಂಚೆ ಮಡಚತೊಡಗಿದರು. ಅಪ್ಪ, ಇನ್ನೂ ಸೀಟೇ ಸಿಕ್ಕಿಲ್ಲ ಎಂದೆ. ಸಿಗುತ್ತೆ ಎಂದು ಒಂದರ ಮೇಲೊಂದು ಬನಿಯನ್ನು ಜೋಡಿಸಿದರು.

ಎರಡು ವಾರ ಪೆಟ್ಟಿಗೆಯಿಂದಲೇ ಬಟ್ಟೆ ತೆಗೆದು ಉಟ್ಟರು. ಅಕ್ಟೋಬರ್ ನಡುವಿನಲ್ಲಿ ಸೀಟು ಸಿಕ್ಕಿತು. ಫೈನಲ್ ಅಪ್ಪನಿಗೆ ಇಲ್ಲಿ ತಪ್ಪಿಹೋಗುತ್ತಿತ್ತು. ಅವರು ಅದರ ಮಾತೇ ಎತ್ತಲಿಲ್ಲ. ಅಜ್ಜಿ ಸಾನ್ ಕೆಳಗಿನ ಗೇಟಿನವರೆಗೆ ಬಂದು, ಟ್ಯಾಕ್ಸಿ ತಿರುವು ದಾಟುವವರೆಗೂ ಬಗ್ಗಿಯೇ ನಿಂತಿದ್ದರು.

ಮೈಸೂರು ತಲುಪಿದರೂ ಭೇಟಿಯಾಗಲಿಲ್ಲ. ಮನೆಯಲ್ಲಿ ಕೂಸಿದ್ದ ಕಾರಣ ಅಪ್ಪ ಹದಿನಾಲ್ಕು ದಿನ ಮಹಡಿಯ ಕೋಣೆಯಲ್ಲಿ ಒಬ್ಬರೇ ಇರಬೇಕಾಯಿತು. ಅಮ್ಮ ಮೆಟ್ಟಿಲ ಮೇಲೆ ತಟ್ಟೆ ಇಟ್ಟು ಕೂಗಿ ಕೆಳಗಿಳಿಯುವಳು. ಫೈನಲ್ ಆ ಹದಿನಾಲ್ಕು ದಿನಗಳ ಒಳಗೇ ಬಂತು. ಭಾವನ ಲ್ಯಾಪ್‌ಟಾಪಿನಲ್ಲಿ ಆಟ ಬರುವ ಹಾಗೆ ವ್ಯವಸ್ಥೆ ಮಾಡಿ, ಅದನ್ನು ಮೇಲಕ್ಕೆ ಕಳಿಸಿ ಎಂದು ನಾನು ಹಮಾಮತ್ಸುವಿನಿಂದ ಫೋನು ಮಾಡಿದೆ. ಅಪ್ಪ ಬೇಡವೆಂದರು.

"ಅವಳ ಹತ್ರಾನೇ ಇರ್ಲಿ. ಅವಳು ಹೇಳ್ಲಿ."

ಅಮ್ಮ ಕೆಳಗಿನ ಮೆಟ್ಟಿಲಲ್ಲಿ ಲ್ಯಾಪ್‌ಟಾಪು ಮಡಿಲಲ್ಲಿಟ್ಟುಕೊಂಡು ಕೂತಳು. ಅಪ್ಪ ಮೇಲೆ ಬಾಗಿಲ ಹಿಂದೆ ಕೂತರು. ಅಮ್ಮ ಪಕ್ಕದಲ್ಲಿ ತೆರೆದಿಟ್ಟಿದ್ದ ಫೋನಿನಲ್ಲಿ ನನಗೆ ಇಬ್ಬರ ದನಿಯೂ ಕೇಳುತ್ತಿತ್ತು. ಎದುರಿನ ಟಿವಿಯಲ್ಲಿ ಅದೇ ಆಟ ನನಗೂ ಕಾಣುತ್ತಿತ್ತು. ನೇರಳೆ ಅಂಗಿಯವರಿಗೂ ಕಪ್ಪು ಅಂಗಿಯವರಿಗೂ ಪಂದ್ಯ. ತಿಂಗಳುಗಟ್ಟಲೆ ಸೋಲನ್ನೇ ಕಾಣದ ಕಪ್ಪಿನವರು ಅವತ್ತು ಮುಗ್ಗರಿಸುತ್ತಿದ್ದರು. ಅಮ್ಮ ಕೂಗಿ ಹೇಳುತ್ತಿದ್ದಳು. "ಒಬ್ಬ ದಪ್ಪಗಿರೋನು ಓಡ್ದ. ನಾಲ್ಕು ಜನ ಮೇಲೆ ಬಿದ್ರು. ಪಾಪ, ಎದ್ದ. ಆರು! ಈಗ ಇನ್ನೊಬ್ಬ ಮುಂದಕ್ಕೆ ಎಸೆದ..."

ಅದು ಆರಲ್ಲ, ಎರಡು. ಮುಂದಕ್ಕೆ ಎಸೆದಿರಲೂ ಇಲ್ಲ. ಎಸೆದಿದ್ದರೆ ಆಟವೇ ನಿಲ್ಲುತ್ತಿತ್ತು. ಮೂವತ್ತೈದು ವರ್ಷದಲ್ಲಿ ಒಂದು ತಪ್ಪನ್ನೂ ಸೀಟಿಯಿಲ್ಲದೆ ಬಿಟ್ಟವರಲ್ಲ ಅಪ್ಪ. ಈಗ ಗುಡುಗುತ್ತಾರೆ ಎಂದು ನಾನು ಫೋನನ್ನು ಕಿವಿಯಿಂದ ದೂರ ಹಿಡಿದೆ.

ಅಮ್ಮನಿಗೂ ಅನುಮಾನ ಬಂದಿರಬೇಕು. "ತಪ್ಪು ಹೇಳ್ತಿದೀನೇನ್ರೀ?" ಎಂದು ಕೇಳಿದಳು.

"ಇಲ್ಲ" ಎಂದರು ಅಪ್ಪ, ಬಾಗಿಲ ಹಿಂದಿನಿಂದ. "ಸರಿಯಾಗೇ ಹೇಳ್ತಿದೀಯ. ಆಮೇಲೆ?"